ಬಾಲವಿರುವ ಸಹಿ

ಮಾರ್ಚ್ ೩

ಮಧ್ಯಾಹ್ನ ಎರಡು ಹತ್ತು. ಬಾಗಿಲಿನ ಸೀಳಿನಿಂದ ಲಕೋಟೆ ಒಳಗೆ ಬಿದ್ದ ಸದ್ದಿಗೆ ಎಚ್ಚರವಾಯಿತು. ದಪ್ಪ ಲಕೋಟೆಯಾದರೆ ಬೆಕ್ಕು ಕಿಟಕಿಯಿಂದ ಧುಮುಕಿದ ಹಾಗೆ ಸದ್ದಾಗುತ್ತದೆ. ಇದು ತೆಳ್ಳನೆಯದು, ಬಿದ್ದದ್ದು ನೆಲಕ್ಕೂ ಗೊತ್ತಾಗಿರಲಿಕ್ಕಿಲ್ಲ. ಆದರೂ ನನಗೆ ಎಚ್ಚರವಾಯಿತು. ಕಣ್ಣು ಹತ್ತಿ ಇಪ್ಪತ್ತು ನಿಮಿಷವಾಗಿತ್ತೋ ಏನೋ.

ನಮ್ಮದು ಹಗಲು ಮಲಗುವ ಮನೆ. ಇವರು ರಾತ್ರಿ ಒಂಬತ್ತೂವರೆಗೆ ಬೇಕರಿಗೆ ಹೋದರೆ ಬರುವುದು ಬೆಳಿಗ್ಗೆ ಏಳೂವರೆಗೆ. ಕಿಟಕಿಗೆ ಕಪ್ಪು ಬಟ್ಟೆ ಬಿಗಿದು ಮಲಗುತ್ತಾರೆ. ಎಂಟು ತಿಂಗಳ ಮಗಳು ಗುಂಡಕ್ಕ ಹಗಲು ಅಪ್ಪನ ಜೊತೆ ನಿದ್ದೆ ಮಾಡಿ, ರಾತ್ರಿ ನನ್ನ ಜೊತೆ ಎದ್ದಿರುತ್ತಾಳೆ. ಎರಡೂ ಪಾಳಿಯಲ್ಲಿ ಡ್ಯೂಟಿ ನನ್ನದೇ.

ಪತ್ರ ಕಾಯಂ ವಾಸದ ಕಚೇರಿಯಿಂದ. "ನಿಮ್ಮ ಪತಿಯ ಪರವಾಗಿ ನೀವು ಸಲ್ಲಿಸಿದ ಅರ್ಜಿಯಲ್ಲಿ, ದಂಪತಿಗಳು ಒಟ್ಟಿಗೆ ಬಾಳುತ್ತಿರುವುದಕ್ಕೆ ಸಾಕಷ್ಟು ಪುರಾವೆ ಕಂಡುಬಂದಿಲ್ಲ." ಅದನ್ನು ಓದುವಾಗ ದಂಪತಿಗಳಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು. ಅವರ ಒಂದು ಕಾಲು ನನ್ನ ದಿಂಬಿನ ಮೇಲಿತ್ತು.

ಹತ್ತೊಂಬತ್ತನೇ ತಾರೀಕು ಇಬ್ಬರೂ ಪುರಾವೆಗಳ ಸಮೇತ ಕೌಂಟರಿಗೆ ಬರಬೇಕಂತೆ.

ನಾನು ಈ ದೇಶದಲ್ಲೇ ಹುಟ್ಟಿದವಳು, ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಇವರು ಕೆಲಸದ ಪರವಾನಗಿಯ ಮೇಲೆ ಬಂದವರು, ಅದು ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ನನ್ನ ಗಂಡ ಎಂಬ ಕಾರಣಕ್ಕೆ ಕಾಯಂ ವಾಸ ಸಿಕ್ಕರೆ ಸರಿ. ಇಲ್ಲದಿದ್ದರೆ ಇವರು ದೇಶ ಬಿಡಬೇಕು. ಬಿಟ್ಟವರು ಮತ್ತೆ ಯಾವಾಗ ಬರುವುದೋ, ಅಷ್ಟೊತ್ತಿಗೆ ಗುಂಡಕ್ಕ ಇವರನ್ನು ಅಂಕಲ್ ಅನ್ನುತ್ತಾಳೋ ಏನೋ.

ವಕೀಲರು ಬೇಡ ಅಂದವಳು ನಾನೇ. "ಡಿಗ್ರಿ ಓದಿದ್ದೀನಿ ಕಣ್ರೀ, ಒಂದು ಅರ್ಜಿ ತುಂಬೋಕೆ ಬರಲ್ವಾ ನಂಗೆ?" ಅಂದಿದ್ದೆ. "ನೀನು ತುಂಬಿದ್ರೆ ವಕೀಲನೇ ಬಂದು ನಿನ್ನ ಹತ್ರ ಟ್ಯೂಷನ್ ಹೇಳಿಸ್ಕೋಬೇಕು ಬಿಡು" ಅಂದಿದ್ದರು ಇವರು.

ಇವರು ಎದ್ದ ಮೇಲೆ ಪತ್ರ ತೋರಿಸಿದೆ. ಓದಿ, ಮಡಚಿ, "ಪುರಾವೆ ಬೇಕಾದ್ರೆ ಗುಂಡಕ್ಕನ್ನೇ ತೋರಿಸು, ಮೂಗು ನೋಡಿದ್ರೆ ಸಾಕು" ಅಂದರು. ನಗು ಬರಬೇಕಿತ್ತು. ಬಂದಿದ್ದು ಆಕಳಿಕೆ.

ಮಾರ್ಚ್ ೬

ಊಟದ ಮೇಜಿನ ಮೇಲೆ ಕಾಗದಗಳನ್ನು ಸಾಲಾಗಿ ಹರಡಿದ್ದೇನೆ. ಗುಂಡಕ್ಕ ಹುಟ್ಟುವ ಮುಂಚೆ ಲೈಬ್ರರಿಯಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುತ್ತಿದ್ದವಳು ನಾನು. ಈ ಕೆಲಸ ಕೈಗೆ ಹಿತವಾಗಿದೆ. ಲಗತ್ತು ಒಂದು, ಮದುವೆ ನೋಂದಣಿ. ಎರಡು, ಮನೆಯ ಕರಾರು. ಮೂರು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆದ ಫಾರಂ. ನಾಲ್ಕು, ಗುಂಡಕ್ಕನ ಜನನ ನೋಂದಣಿ. ಆಮೇಲೆ ಹೆರಿಗೆಯ ಒಪ್ಪಿಗೆ ಪತ್ರ, ಲಸಿಕೆಯ ಕಾರ್ಡು, ಕರೆಂಟಿನ ಅರ್ಜಿ, ಹೀಗೆ ಹತ್ತರವರೆಗೆ. ಎಲ್ಲದರ ಮೇಲೂ ಇಬ್ಬರ ಸಹಿ ಅಕ್ಕಪಕ್ಕ ಕೂತಿವೆ. ಒಟ್ಟಿಗೆ ಬಾಳುತ್ತಿಲ್ಲವಂತೆ!

ಹನ್ನೊಂದನೆಯದು ಆರೋಗ್ಯ ವಿಮೆಯ ಫಾರಂ. ಅದರಲ್ಲಿ ಇವರ ಸಹಿ ಬಾಕಿಯಿತ್ತು. ಮಲಗಿದ್ದರು. ನಾನೇ ಹಾಕಿದೆ.

ಇದು ಶುರುವಾದದ್ದು ಮದುವೆಯಾದ ಎರಡನೇ ತಿಂಗಳಲ್ಲಿ. ಒಲೆಯೊಳಗಿನ ತಟ್ಟೆ ತಗುಲಿ ಇವರ ಬಲಗೈ ಸುಟ್ಟು, ಐದೂ ಬೆರಳು ಸೇರಿಸಿ ಬ್ಯಾಂಡೇಜು ಸುತ್ತಿ ಕಳಿಸಿದ್ದರು. ಮಾರನೆಯ ದಿನವೇ ಮನೆಯ ಕರಾರಿಗೆ ಸಹಿ ಆಗಬೇಕಿತ್ತು. "ನನ್ನ ಹೆಸರು ನೀನೇ ಬರಿ. ಯಾರು ಬರೆದ್ರೇನು, ಇರೋರು ನಾವಿಬ್ರೇ ತಾನೆ" ಅಂದರು. ಬರೆದೆ. ಕೊನೆಯ ಅಕ್ಷರದ ಅಡಿಯಲ್ಲಿ ಇಲಿಯ ಬಾಲದಂಥ ಒಂದು ಗೆರೆ ಎಳೆದೆ, ಸುಮ್ಮನೆ. ಇವರು ಅದನ್ನು ಎಡಗೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ನಿನ್ನ ಕೈಯಲ್ಲಿ ನನ್ನ ಹೆಸರು ಯಾವುದೋ ದೊಡ್ಡ ಮನುಷ್ಯನ ಹೆಸರಿನ ಥರ ಕಾಣುತ್ತಲ್ಲೇ!"

ಕೈ ವಾಸಿಯಾಯಿತು. ಸಹಿ ನನ್ನಲ್ಲೇ ಉಳಿಯಿತು. ಕಚೇರಿಗಳ ಬಾಗಿಲು ತೆರೆಯುವುದು ಇವರು ಮಲಗಿದ ಮೇಲೆ. ಒಂದು ಗೀಚಿಗಾಗಿ ಎಬ್ಬಿಸಲು ಮನಸ್ಸಾಗುವುದಿಲ್ಲ. ಈಗಂತೂ ನನ್ನ ಸಹಿಗಿಂತ ಇವರದೇ ನನಗೆ ಸಲೀಸು.

ಮಾರ್ಚ್ ೧೨

ಅರ್ಜಿಯ ಜೊತೆ ಒಂದು ಹೇಳಿಕೆ ಬೇಕಂತೆ. "ನಿಮ್ಮ ದಾಂಪತ್ಯದ ದೈನಂದಿನ ಜೀವನವನ್ನು ವಿವರಿಸಿ." ಕೊಟ್ಟಿರುವುದು ಐದು ಗೆರೆ.

ಬರೆದದ್ದು: "ನಾವು ಒಂದೇ ಮನೆಯಲ್ಲಿ ವಾಸಿಸುತ್ತೇವೆ. ಪತಿ ರಾತ್ರಿ ಪಾಳಿಯ ಉದ್ಯೋಗಿ. ಮಗುವಿನ ಪಾಲನೆಯಲ್ಲಿ ಇಬ್ಬರೂ ಭಾಗಿಗಳು. ವಾರದ ರಜೆಯನ್ನು ಒಟ್ಟಿಗೆ ಕಳೆಯುತ್ತೇವೆ."

ಬಿಟ್ಟದ್ದು: ಇವರು ಬಂದಾಗ ಮನೆಗೆಲ್ಲ ಹಿಟ್ಟಿನ ವಾಸನೆ ಬರುತ್ತದೆ. ಜೇಬಿನಲ್ಲಿ ಒಂದು ಬನ್ನು ಇಟ್ಟುಕೊಂಡು ಬರುತ್ತಾರೆ, ಎದೆಯ ಕಡೆಯ ಜೇಬು, ಅದು ಬಿಸಿಯಾಗಿಯೇ ಇರುತ್ತದೆ. ನಾನು ಅದನ್ನು ನಿಂತುಕೊಂಡೇ ತಿನ್ನುತ್ತೇನೆ. ಇವರು ಬಾಗಿಲಿಗೆ ಒರಗಿ ನಾನು ತಿನ್ನುವುದನ್ನು ನೋಡುತ್ತಾರೆ. ಆಮೇಲೆ ಕೈ ತೊಳೆದು, ಗುಂಡಕ್ಕನನ್ನು ನನ್ನಿಂದ ತೆಗೆದುಕೊಂಡು, "ಹೋಗು, ಮಲಗು, ಇನ್ನು ನನ್ನ ಪಾಳಿ" ಅನ್ನುತ್ತಾರೆ. ನಾನು ಹೋಗಿ ಮಲಗಿ ಚಾವಣಿ ನೋಡುತ್ತೇನೆ.

ಐದನೇ ಗೆರೆ ಖಾಲಿ ಉಳಿಯಿತು. ಒಂದು ಅಡ್ಡಗೀಟು ಎಳೆದೆ.

ಮಾರ್ಚ್ ೧೯

ಕೌಂಟರು. ಕೂತವರು ಅಮ್ಮನ ವಯಸ್ಸಿನವರು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿದ್ದರು. ಲಗತ್ತುಗಳನ್ನು ನೋಡಿ, "ಅಬ್ಬಾ, ಎಷ್ಟು ಅಚ್ಚುಕಟ್ಟು! ವಕೀಲರು ಕಟ್ಟಿಕೊಟ್ರಾ?" ಅಂದರು. ಇವರು ಎದೆಯುಬ್ಬಿಸಿ, "ಇಲ್ಲ ಮೇಡಂ, ನಮ್ಮನೆಯೋಳೇ" ಅಂದರು. ಗುಂಡಕ್ಕ ಇವರ ಹೆಗಲ ಮೇಲೆ ಜೊಲ್ಲು ಸುರಿಸುತ್ತಿದ್ದಳು. ಒಂದು ನಿಮಿಷ ಎಲ್ಲ ಚೆನ್ನಾಗಿತ್ತು.

"ಇಲ್ಲೊಂದು ಸಹಿ ಮಾಡಿ, ಹಾಜರಿಗೆ."

ಇವರು ಗುಂಡಕ್ಕನನ್ನು ನನಗೆ ಕೊಟ್ಟು, ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿ, ಒಂದೊಂದೇ ಅಕ್ಷರ ದುಂಡಗೆ ಬರೆದರು. ಶಾಲೆಯ ಸ್ಲೇಟಿನ ಮೇಲೆ ಬರೆದಂತೆ. ಬಾಲವಿಲ್ಲ. ನಾನು ಲಗತ್ತುಗಳ ಕಡೆ ನೋಡಿದೆ. ಮದುವೆ ನೋಂದಣಿಯ ಮೇಲೂ ಅರ್ಜಿಯ ಮೇಲೂ ಇವರು ಅಧಿಕಾರಿಯ ಎದುರು ತಾವೇ ಬರೆದದ್ದು, ಇದೇ ದುಂಡಗಿನ ಅಕ್ಷರ. ಮಿಕ್ಕ ಹತ್ತು ಕಾಗದದ ಮೇಲೆ ಬಾಲವಿರುವ ಸಹಿ. ಹದಿನಾರು ದಿನ ಆ ಕಾಗದಗಳನ್ನು ಜೋಡಿಸಿದವಳು ನಾನು. ನನಗೆ ಕಾಣಲೇ ಇಲ್ಲ. ನನ್ನ ಕಣ್ಣಿಗೆ ಅದು ಇವರ ಸಹಿಯೇ ಆಗಿತ್ತು.

ಅವರು ಕನ್ನಡಕ ಏರಿಸಿದರು. ಕರಾರನ್ನು ಪಕ್ಕಕ್ಕಿಟ್ಟರು. ಮದುವೆ ನೋಂದಣಿಯನ್ನು ಇನ್ನೊಂದು ಪಕ್ಕಕ್ಕಿಟ್ಟರು.

"ಇದು ಯಾರ ಸಹಿ?"

"ನಂದೇ" ಅಂದರು ಇವರು.

"ಇದು?"

"ಅದೂ ನಂದೇ."

"ಎರಡೂ ನಿಮ್ಮದೇನಾ?"

"ಹೂಂ ಮೇಡಂ."

ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಇವರನ್ನು ಬಿಟ್ಟು ನನ್ನನ್ನೇ ನೋಡುತ್ತ ಹೇಳಿದರು: "ನೋಡಮ್ಮ, ಈಗ ಹೇಳಿದ್ದು ನಾನು ಬರ್ಕೊಂಡಿಲ್ಲ. ಸಂದರ್ಶನಕ್ಕೆ ಕಾಗದ ಬರುತ್ತೆ. ಗಂಡ ಹೆಂಡ್ತೀನ ಬೇರೆ ಬೇರೆ ಕೂರಿಸಿ ಕೇಳ್ತಾರೆ. ಅಲ್ಲಿ ಹೇಳಿದ್ದು ದಾಖಲೆ. ಇಬ್ಬರ ಮಾತೂ ಒಂದೇ ಆಗಿರ್ಬೇಕು. ಎರಡಾಯ್ತೋ, ಅಲ್ಲಿಗೆ ಅರ್ಜಿ ಮುಗೀತು."

ಬಸ್ಸಿನಲ್ಲಿ ಇವರು, "ಆಯಮ್ಮ ಒಳ್ಳೇವ್ರು" ಅಂದರು. ನಾನು ಹೂಂ ಅಂದೆ.

ಮಾರ್ಚ್ ೨೦

ಗುಂಡಕ್ಕನಿಗೆ ಹಲ್ಲು ಬಂದಿದೆ. ಕೆಳಗಿನದು, ಒಂದು. ಇದು ಲಗತ್ತಲ್ಲ.

ಮಾರ್ಚ್ ೨೧

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ವರದಿ ಓದಿದ ಹಾಗೆ ಹೇಳಿದೆ.

"ಅಷ್ಟೇ ತಾನೆ?" ಅಂದಳು ಅಮ್ಮ. "ನಿಮ್ಮಪ್ಪನ ಸಹಿ ಮೂವತ್ತು ವರ್ಷ ನಾನೇ ಹಾಕಿದ್ದೀನಿ. ನಿನ್ನ ಪ್ರೋಗ್ರೆಸ್ ಕಾರ್ಡಿಗೆ ಯಾರು ಹಾಕಿದ್ದು ಅಂದ್ಕೊಂಡೆ? ಯಾವ ಹೆಡ್ ಮಾಸ್ಟರ್ ಕೇಳ್ದ?"

"ಈ ಕಚೇರಿಯವರು ಹೆಡ್ ಮಾಸ್ಟರ್ ಅಲ್ಲಮ್ಮ."

"ನಿಮ್ಮಜ್ಜಿಗೆ ಓದು ಬರ್ತಿರ್ಲಿಲ್ಲ, ಹೆಬ್ಬೆಟ್ಟು. ಅದಕ್ಕೇ ಅವಳಿಗೆ ಈ ತಾಪತ್ರಯ ಇರ್ಲಿಲ್ಲ ನೋಡು. ಓದಿಸಿದ್ದೇ ತಪ್ಪಾಯ್ತು ನಮ್ಮನ್ನ."

ಆಮೇಲೆ ಅಮ್ಮ ಗುಟ್ಟು ಹೇಳುವ ದನಿಯಲ್ಲಿ, "ಒಂದು ಕೆಲಸ ಮಾಡು. ನಿನ್ನ ಸಹಿ ಅವನಿಗೆ ಕಲಿಸಿಬಿಡು. ಅಲ್ಲಿ ಕೂತು ಎರಡೂ ಬರೆದು ತೋರಿಸ್ಲಿ. ಒಬ್ಬನಿಗೆ ಎರಡು ಸಹಿ ಇರಬಾರ್ದು ಅಂತ ಏನಾದ್ರೂ ರೂಲಿದ್ಯಾ?" ಅಂದಳು.

"ನನ್ನ ಸಹಿ ಅಲ್ಲಮ್ಮ, ಅವರದ್ದು."

"ಅದೇ, ನಿನ್ನ ಕೈಯದು" ಅಂದಳು.

ಮಾರ್ಚ್ ೨೪

ಇವರ ರಜೆ. ಗುಂಡಕ್ಕ ಮಲಗಿದ ಮೇಲೆ ಮೇಜಿಗೆ ಕೂತರು. ಹಳೆ ಲೈಬ್ರರಿ ಪ್ಯಾಡಿನ ಹಾಳೆ, ಪೆನ್ಸಿಲ್ಲು. ನಾನು ಮೇಲೆ ಒಂದು ಬರೆದುಕೊಟ್ಟೆ, ಇವರು ಕೆಳಗೆ ನೋಡಿ ಬರೆಯುವುದು. ತಮ್ಮದೇ ಹೆಸರು.

"ಇಲ್ಲಿ ಕೈ ಎತ್ತಬಾರ್ದು, ಒಂದೇ ಏಟಿಗೆ ಬರ್ಬೇಕು."

"ಎತ್ತದೆ ಹೆಂಗೆ ಬರೀಲಿ? ಉಸಿರು ಕಟ್ಟುತ್ತೆ."

"ಬಾಲ ಅಷ್ಟು ಉದ್ದ ಅಲ್ಲರೀ."

"ನಿಂದು ಇಲಿ. ನಂದು ಕೋತಿ ಆಗ್ತಿದೆ."

ಹಿಟ್ಟು ನಾದುವ ಕೈ. ಪೆನ್ಸಿಲ್ಲು ಆ ಬೆರಳುಗಳ ನಡುವೆ ಬೆಂಕಿಕಡ್ಡಿಯಂತೆ ಕಾಣುತ್ತದೆ. ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆಯ ಚರ್ಮ ನುಣ್ಣಗೆ ಹೊಳೆಯುತ್ತದೆ, ಅದು ಮಡಚುವುದಿಲ್ಲ. ಎರಡು ಗಂಟೆ ಬರೆದರು. ಎರಡು ಸಲ ಪೆನ್ಸಿಲ್ ಮುರಿಯಿತು. ಒಂದೂ ಬರಲಿಲ್ಲ. ಕೊನೆಗೆ, "ನನ್ನ ಹೆಸರೇ ನಂಗೆ ಬರ್ತಿಲ್ಲ ನೋಡು" ಅಂದು ನಕ್ಕರು. ನಾನೂ ಬಾಯಿ ಅಗಲಿಸಿದೆ, ಅದು ನಗುವೇ ಇರಬೇಕು.

ಹಾಳೆಗಳನ್ನು ಹರಿದು ಕಸಕ್ಕೆ ಹಾಕಿದೆ. ಸುಳ್ಳಿನ ಅಭ್ಯಾಸದ ಪುರಾವೆ ಮನೆಯಲ್ಲಿರಬಾರದು. ಒಂದು ಹಾಳೆ ಕಡಿಮೆ ಇತ್ತು, ನಾನು ಮಾದರಿ ಬರೆದುಕೊಟ್ಟದ್ದು. ಎಲ್ಲೋ ಹಾರಿರಬೇಕು.

ಏಪ್ರಿಲ್ ೨

ಸಂದರ್ಶನದ ಪತ್ರ ಬಂದಿದೆ. ಏಪ್ರಿಲ್ ೨೨. ಅರ್ಜಿದಾರರಿಗೆ, ಅಂದರೆ ಇವರಿಗೆ, ಬೆಳಿಗ್ಗೆ ಏಳೂವರೆ, ಪತ್ನಿಗೆ ಒಂಬತ್ತು. ಅರ್ಜಿದಾರರು ಪಾಳಿ ಮುಗಿಸಿ ಬೇಕರಿಯಿಂದ ನೇರ ಹೋಗತಕ್ಕದ್ದು, ಮನೆಗೆ ಬಂದು ಹೋಗಲು ಸಮಯ ಸಾಲದು. ಪಾಳಿಯನ್ನು ಅರ್ಧ ಗಂಟೆ ಮುಂಚೆ ಬಿಡಲು ಬೇಕರಿಯ ಮೇಸ್ತ್ರಿ ಒಪ್ಪಿದ್ದಾರೆ.

ಪತ್ರದ ಕೆಳಗೆ ಸಣ್ಣಕ್ಷರದಲ್ಲಿ: "ಇನ್ನೊಬ್ಬರ ಸಹಿಯನ್ನು ಮಾಡುವುದು ಶಿಕ್ಷಾರ್ಹ ಅಪರಾಧ." ಅರ್ಜಿದಾರರು ಈ ಸಾಲನ್ನು ನನ್ನಿಂದ ಎರಡು ಸಲ ಓದಿಸಿದರು. "ಶಿಕ್ಷೆ ಯಾರಿಗೆ? ಮಾಡಿದೋರಿಗಾ, ಮಾಡಿಸಿಕೊಂಡೋರಿಗಾ?" ಎಂದು ಕೇಳಿದರು. ಮಾಡಿದವರಿಗೆ ಎಂದು ತಿಳಿಸಿದೆ. ಅವರು ಗುಂಡಕ್ಕನ ಹಲ್ಲಿನ ಮೇಲೆ ಬೆರಳಿಟ್ಟು ಆಡಿಸುತ್ತಿದ್ದರು.

ಏಪ್ರಿಲ್ ೪

ತೀರ್ಮಾನವಾಯಿತು. ನಡೆದದ್ದು ಹೀಗೆ.

ಅರ್ಜಿದಾರರು: "ಎಲ್ಲಾ ನಾನೇ ಹಾಕಿದ್ದು ಅಂದ್ಬಿಡ್ತೀನಿ."

ನಾನು: "ಬರೆದು ತೋರಿಸಿ ಅಂದ್ರೆ? ಬರುತ್ತಾ ನಿಮಗೆ?"

ಅರ್ಜಿದಾರರು ಹೆಬ್ಬೆರಳಿನ ಕಲೆ ನೋಡಿಕೊಂಡರು.

ನಾನು: "ನಿಜ ಹೇಳೋಣ. ನಾನು ಹಾಕಿದ್ದು, ನೀವು ಹಾಕು ಅಂದಿದ್ದು. ಇಬ್ಬರೂ ಅದನ್ನೇ ಹೇಳೋಣ."

"ನಿಜಕ್ಕೆ ಸಾಕ್ಷಿ ಎಲ್ಲಿದೆ? ಕೈ ಸುಟ್ಟಿತ್ತು ಅಂದ್ರೆ ನಂಬ್ತಾರಾ? ದುಡ್ಡು ತಗೊಂಡು ಗಂಡ ಅಂತ ತೋರಿಸ್ತಿದ್ದಾಳೆ, ಸಹಿ ಎಲ್ಲಾ ಅವಳೇ ಗೀಚಿದ್ದಾಳೆ ಅಂತಾರೆ."

"ಅನ್ಲಿ."

"ನಿನ್ನ ಹಿಡ್ಕೊಂಡು ಹೋದ್ರೆ?"

"ನೀವು ಸುಮ್ನಿರಿ. ನಾನು ಹೇಳಿದ ಹಾಗೆ ಹೇಳ್ತೀರಾ ಇಲ್ವಾ?"

"ಹೂಂ" ಅಂದರು. ಹೂಂ ಅಂದದ್ದನ್ನು ಇಲ್ಲಿ ಬರೆದುಕೊಂಡಿದ್ದೇನೆ.

ಆಮೇಲೆ ನೆನಪಾಯಿತು, ಇವತ್ತು ಬನ್ನು ತಿನ್ನಲು ಮರೆತಿದ್ದೆ. ಮೇಜಿನ ಮೇಲೆ ಗಟ್ಟಿಯಾಗಿ ಕೂತಿದೆ.

ಏಪ್ರಿಲ್ ೧೦

ಮೆಟ್ಟಿಲ ಹತ್ತಿರ ಬ್ರೇಕಣ್ಣ ಸಿಕ್ಕಿದರು. ಮೇಲಿನ ಮನೆಯ ಬಸ್ ಡ್ರೈವರು. ಮಾತಿನ ಮಧ್ಯೆ ಗಕ್ಕನೆ ನಿಂತುಬಿಡುವುದರಿಂದ ನಾವು ಇಟ್ಟ ಹೆಸರು. ಬೆಳಗಿನ ಜಾವ ಮೂರೂವರೆಗೆ ಡಿಪೋಗೆ ಹೊರಡುತ್ತಾರೆ. ದಾರಿಯಲ್ಲಿ ಬೇಕರಿಯ ಹಿಂಬಾಗಿಲಿಗೆ ನಿಂತು ಬಿಸಿ ಬ್ರೆಡ್ಡು ತೆಗೆದುಕೊಂಡೇ ಮುಂದೆ ಹೋಗುವುದು.

"ತಂಗಿ, ನಿನ್ನ ಗಂಡ ಏನು ಸಾಹಿತಿ ಆಗ್ತಿದ್ದಾನಾ?"

"ಯಾಕಣ್ಣ?"

"ದಿನಾ ನೋಡ್ತೀನಿ, ಮೇಜಿನ ಮೇಲೆ ಹಿಟ್ಟು ಹರಡಿಕೊಂಡು ಬೆರಳಲ್ಲಿ ಏನೋ ಬರೀತಾನೆ. ಬರಿಯೋದು, ಒರಸೋದು. ಬರಿಯೋದು, ಒರಸೋದು. ನಾನು ಬಂದ್ರೆ ಗಪ್ಪನೆ ಅಳಿಸ್ತಾನೆ. ಮೇಸ್ತ್ರಿ ಬೈತಾನೆ, ಮೈದಾ ಏನು ಸ್ಲೇಟಾ ಅಂತ. ಪ್ರೇಮಪತ್ರ ಗಿತ್ರ ಇದ್ರೆ..." ಬ್ರೇಕು ಬಿತ್ತು. ಗುಂಡಕ್ಕನ ಕೆನ್ನೆ ಚಿವುಟಿ ಮೇಲೆ ಹೋದರು.

ನಿದ್ದೆಗೆಟ್ಟವರು ಏನೇನೋ ಮಾಡುತ್ತಾರೆ. ನಾನೂ ಹಾಲು ಕಾಯಲು ಇಟ್ಟು ಖಾಲಿ ಪಾತ್ರೆ ಕಾಯಿಸುತ್ತಿದ್ದೆ ಮೊನ್ನೆ.

ಸಂದರ್ಶನಕ್ಕೆ ಹನ್ನೆರಡು ದಿನ.

ಏಪ್ರಿಲ್ ೧೫

ಬಟ್ಟೆ ಒಗೆದೆ. ಒಣಗಲಿಲ್ಲ.

ಏಪ್ರಿಲ್ ೧೮

ಇವತ್ತು ಪೋಸ್ಟಿನವನು ಒಂದು ಕಟ್ಟು ತಂದು, "ಇಲ್ಲೊಂದು ಸಹಿ" ಅಂದ. ಕಟ್ಟಿನ ಮೇಲೆ ನನ್ನ ಹೆಸರೇ ಇತ್ತು. ಕೈ ತಾನಾಗಿಯೇ ಅರ್ಜಿದಾರರ ಹೆಸರು ಬರೆದು ಬಾಲ ಎಳೆಯಿತು. ಅವನು ನೋಡಲಿಲ್ಲ, ಹೋದ. ನಾನು ಬಾಗಿಲು ಹಾಕಿ, ಗೋಡೆಗೆ ಒರಗಿ ನಿಂತೆ. ನನ್ನ ಸಹಿ ಹೇಗಿತ್ತು ಅಂತ ಯೋಚಿಸಿದೆ. ಹಳೆ ಲೈಬ್ರರಿ ಗುರುತಿನ ಚೀಟಿ ಹುಡುಕಿ ನೋಡಿಕೊಂಡೆ.

ಅರ್ಜಿದಾರರು ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದರು, ನಿದ್ದೆಯಿಂದ ಎದ್ದು. "ಏನೇ?" ಅಂದರು. "ಏನಿಲ್ಲ" ಅಂದೆ. "ಊಟ ಮಾಡಿದ್ಯಾ?" ಅಂದರು. "ಹೂಂ" ಅಂದೆ. ಮಾಡಿರಲಿಲ್ಲ.

ಏಪ್ರಿಲ್ ೨೧

ಲಗತ್ತುಗಳ ಕಡತ ಬಾಗಿಲ ಬಳಿ ಇಟ್ಟಿದೆ. ಗುಂಡಕ್ಕನ ಮೈ ಸ್ವಲ್ಪ ಬಿಸಿ, ಇನ್ನೊಂದು ಹಲ್ಲಿನದ್ದಿರಬೇಕು. ಅರ್ಜಿದಾರರು ಒಗೆದ ಏಪ್ರನ್ ಹಾಕಿಕೊಂಡು, ಒಳ್ಳೆ ಶರ್ಟನ್ನು ಚೀಲದಲ್ಲಿಟ್ಟುಕೊಂಡು ಹೊರಟರು. ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ನೀನು ಏನೂ ತಲೆ ಕೆಡಿಸ್ಕೋಬೇಡ. ಎಲ್ಲಾ ನಾನು ನೋಡ್ಕೋತೀನಿ" ಅಂದರು.

"ಏನು ನೋಡ್ಕೋತೀರಾ? ಮಾತಾಗಿದೆಯಲ್ಲ, ಅದನ್ನ ಹೇಳಿ ಸಾಕು" ಅಂದೆ.

"ಹೂಂ."

ಏಪ್ರಿಲ್ ೨೨

ರಾತ್ರಿ ಎರಡು ಐವತ್ತು. ಗುಂಡಕ್ಕನ ಕೆಮ್ಮಿಗೆ ಎಚ್ಚರ. ಮೈ ಕೆಂಡ. ಥರ್ಮಾಮೀಟರು ಎಲ್ಲಿಟ್ಟಿದ್ದಾರೆಂದು ಕೇಳಲು ಅರ್ಜಿದಾರರಿಗೆ ಫೋನ್ ಮಾಡಿದೆ. ಒಗೆಯುವ ಬಟ್ಟೆಯ ಬುಟ್ಟಿಯೊಳಗೆ ಗುಂಯ್ ಗುಂಯ್ ಎಂದಿತು. ಏಪ್ರನ್ ಬದಲಿಸುವಾಗ ಹಳೆಯದರ ಜೇಬಿನಲ್ಲೇ ಬಿಟ್ಟು ಹೋಗಿದ್ದಾರೆ. ತೆಗೆದೆ. ಫೋನಿನ ಹಿಂದೆ ನಾಲ್ಕು ಮಡಿಕೆಯ ಹಾಳೆ, ಹಿಟ್ಟು ಮೆತ್ತಿ ಬಿಳಿಚಿತ್ತು. ನನ್ನ ಮಾದರಿಯ ಹಾಳೆ. ಅದರ ಕೆಳಗೆ ಮೂವತ್ತು ನಲವತ್ತು ಸಹಿ. ಮೊದಲಿನವು ಕೋತಿ. ಕೊನೆಯ ಸಾಲಿನವು ನನ್ನವೇ. ಯಾವುದು ನಾನು ಬರೆದದ್ದು, ಯಾವುದು ಅವರು ಬರೆದದ್ದು, ನನಗೇ ಗೊತ್ತಾಗಲಿಲ್ಲ.

ಹಾಳೆಯ ಹಿಂಭಾಗದಲ್ಲಿ ದುಂಡಗಿನ ಅಕ್ಷರದಲ್ಲಿ, ಪಾಠ ಬಾಯಿಪಾಠ ಮಾಡಲು ಬರೆದುಕೊಂಡಂತೆ:

"ಎಲ್ಲಾ ಸಹಿ ನಾನೇ ಹಾಕಿದ್ದು. ಬೇಕಾದರೆ ಈಗಲೇ ಬರೆದು ತೋರಿಸುತ್ತೇನೆ. ನನ್ನ ಹೆಂಡತಿಗೆ ಇದರ ವಿಷಯ ಏನೂ ಗೊತ್ತಿಲ್ಲ. ಅವಳು ತಾನು ಹಾಕಿದ್ದು ಅಂದರೆ ನಂಬಬೇಡಿ. ನನ್ನನ್ನು ಉಳಿಸಲು ಹೇಳುತ್ತಾಳೆ."

ಅರ್ಜಿದಾರರು

ಇಲ್ಲ, ಈ ಹೆಸರು ಬೇಡ. ರೀ, ಇದನ್ನು ನಿಮಗೇ ಬರೆಯುತ್ತಿದ್ದೇನೆ. ಈ ಹಾಳೆ ಹರಿದು ಬ್ರೇಕಣ್ಣನ ಕೈಗೆ ಕೊಡುತ್ತೇನೆ. ಅವರು ಇನ್ನು ಹತ್ತು ನಿಮಿಷಕ್ಕೆ ಮೆಟ್ಟಿಲಿಳಿಯುತ್ತಾರೆ. ಬೇಕರಿಯ ಆಫೀಸಿನ ನಂಬರಿಗೆ ಎಂಟು ಸಲ ಮಾಡಿದೆ. ಬೀಗ ಹಾಕಿದ ಕೋಣೆಯಲ್ಲಿ ಬಡಿದುಕೊಳ್ಳುತ್ತಿರಬೇಕು. ಇವಳನ್ನು ಈ ಜ್ವರದಲ್ಲಿ ಎತ್ತಿಕೊಂಡು ಅಷ್ಟು ದೂರ ಬರಲಾರೆ. ಒಂಬತ್ತಕ್ಕೆ ನಾನು ಬರುವಷ್ಟರಲ್ಲಿ ನೀವು ಹೇಳಿ ಮುಗಿಸಿರುತ್ತೀರಿ.

ಎಷ್ಟು ಚೆನ್ನಾಗಿ ಕಲಿತಿದ್ದೀರಿ. ಬಾಲ ನನ್ನದಕ್ಕಿಂತ ಚೆನ್ನಾಗಿ ಬಂದಿದೆ. ಆ ಮಡಚದ ಹೆಬ್ಬೆರಳಲ್ಲಿ ಹೇಗೆ ಬರೆದಿರಿ? ಹಿಟ್ಟಿನ ಮೇಲೆ ಬರೆದದ್ದು ಇದೇ ಎಂದು ನನಗೆ ತಿಳಿಯಲೇ ಇಲ್ಲ. ಒಂದೂವರೆ ತಿಂಗಳಿಂದ ನಾನು ನಿಮ್ಮ ಮುಖ ನೋಡಿದ್ದೇನಾ ಎಂದು ಯೋಚಿಸುತ್ತಿದ್ದೇನೆ. ಈ ಪುಸ್ತಕ ತಿರುವಿ ನೋಡಿದೆ, ನಿಮಗೆ ಇಟ್ಟ ಹೆಸರು ನೋಡಿ ನಾಚಿಕೆಯಾಯಿತು.

ಕೇಳಿ. ಔಷಧಿಯ ಡಬ್ಬದಲ್ಲಿ ಜ್ವರದ ಸಿರಪ್ ಹುಡುಕುವಾಗ ತಳದಲ್ಲಿ ಒಂದು ಚೀಟಿ ಸಿಕ್ಕಿತು. ನಿಮ್ಮ ಕೈ ಸುಟ್ಟಾಗ ಕ್ಲಿನಿಕ್ಕಿನ ಡಾಕ್ಟರು ಬರೆದುಕೊಟ್ಟದ್ದು. "ಬಲಗೈ. ಮೂರು ವಾರ ಏನನ್ನೂ ಹಿಡಿಯುವಂತಿಲ್ಲ." ತಾರೀಕು, ಮೊಹರು ಎಲ್ಲಾ ಇದೆ. ಮನೆ ಕರಾರಿನ ಹಿಂದಿನ ದಿನದ್ದು. ಅದರ ಮೇಲೆ ನಿಮ್ಮೊಬ್ಬರದೇ ಹೆಸರು, ಇಬ್ಬರದೂ ಇಲ್ಲ ಎಂದು ನಾನು ಅದನ್ನು ಹುಡುಕಲೇ ಇಲ್ಲ. ಸಾಕ್ಷಿ ಎಲ್ಲಿದೆ ಅಂದಿರಲ್ಲ, ಇಲ್ಲಿದೆ. ಕರಾರಿನ ಮೇಲಿನ ಸಹಿ ನೀವು ಹಾಕಿದ್ದು ಅಂದರೆ ಈ ಚೀಟಿಯೇ ನಿಮ್ಮನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ನಾನು ಹಾಕಿದ್ದು ಅಂದರೆ ಇದೇ ನಮ್ಮನ್ನು ಉಳಿಸುತ್ತದೆ.

ಶಿಕ್ಷೆಯಾದರೆ ನನಗಾಗಲಿ. ನನಗೆ ಏನೇ ಮಾಡಿದರೂ ಈ ದೇಶದಿಂದ ಕಳಿಸಲಾರರು. ನಿಮ್ಮನ್ನು ಕಳಿಸಬಲ್ಲರು. ಅಷ್ಟೇ ಲೆಕ್ಕ. ಇಷ್ಟು ದಿನ ಇದನ್ನು ನಿಮ್ಮ ಪಕ್ಕ ಕೂತು ಹೇಳಬೇಕಿತ್ತು. ಕಡತ ಜೋಡಿಸುತ್ತಾ ಕೂತೆ.

ನಾನು ಒಂಬತ್ತಕ್ಕೆ ನಿಜ ಹೇಳುತ್ತೇನೆ. ಏಳೂವರೆಗೆ ನೀವೂ ಅದನ್ನೇ ಹೇಳಬೇಕು. ಒಪ್ಪದಿದ್ದರೆ, ನಿಮ್ಮ ಸುಳ್ಳೇ ಸರಿ ಅನ್ನಿಸಿದರೆ, ಅದನ್ನಾದರೂ ನನ್ನ ಕಿವಿಗೆ ಹೇಳಿ. ಚೀಟಿ ಹರಿದು ಹಾಕಿ ನಾನೂ ಸುಳ್ಳು ಹೇಳುತ್ತೇನೆ. ಯಾವುದಾದರೂ ಆಗಲಿ, ಒಂದೇ ಆಗಲಿ. ಆದರೆ ಹೂಂ ಅಂದು ಸುಮ್ಮನಾಗಬೇಡಿ. ನಿಮ್ಮ ಹೂಂ ಇನ್ನು ನನಗೆ ಬೇಡ.

ಸಿರಪ್ ಕುಡಿಸಿದ್ದೇನೆ, ನನ್ನ ತೊಡೆಯ ಮೇಲೆ ಮಲಗಿದ್ದಾಳೆ. ಥರ್ಮಾಮೀಟರು ಇನ್ನೂ ಸಿಕ್ಕಿಲ್ಲ, ಅದನ್ನೂ ಹೇಳಿ.

ಮೇಲೆ ಬಾಗಿಲು ತೆರೆದ ಸದ್ದಾಯಿತು. ಬೂಟು ಮೆಟ್ಟಿಲ ಮೇಲಿದೆ. ರೀ, ಕೈ ಒರೆಸಿಕೊಳ್ಳಬೇಡಿ, ಹಿಟ್ಟಿನ ಕೈಯಲ್ಲೇ ಮೇಸ್ತ್ರಿಯ ಫೋನ್ ಇಸಕೊಳ್ಳಿ. ಬ್ರೇಕಣ್ಣನದಾದರೂ ಸರಿ. ನಾನು ಎದ್ದೇ ಇರುತ್ತೇನೆ, ನನಗೇನು ಹೊಸದೇ? ಮೊದಲ ಸದ್ದಿಗೇ ಎತ್ತುತ್ತೇನೆ. ಫೋನ್ ಮಾಡಿ. ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ.